ಮುಚ್ಚಳದೊಳಗಿನ ಗೀರು

ಚಾಮರಾಜನಗರದಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಹಬೀಬುಲ್ಲಾ ಸಾಹೇಬರು ಮಾತಿನಲ್ಲಿ ಬಲು ಜಿಪುಣರು. ಹಳೇ ವಾಚು ಕೈಗೆ ಕೊಟ್ಟರೆ ಕಿವಿಗಿಟ್ಟು, ಮುಚ್ಚಳ ಬಿಚ್ಚಿ ನೋಡಿ, ‘ಅಸಲಿ’ ಎನ್ನುತ್ತಿದ್ದರು, ಇಲ್ಲವೇ ‘ಕಲಬೆರಕೆ’. ಅಷ್ಟೇ. ಆ ಒಂದು ಮಾತಿನ ಮೇಲೆ ಮೈಸೂರಿನವರೂ ಕಣ್ಣುಮುಚ್ಚಿ ವ್ಯಾಪಾರ ಮಾಡುತ್ತಿದ್ದರು. ರಿಪೇರಿಯಾದ ವಾಚಿನ ಮುಚ್ಚಳದ ಒಳಮೈಗೆ ಸೂಜಿಯಲ್ಲಿ ಗುರುತು, ತಿಂಗಳು, ಇಸವಿ ಗೀರುವುದು ಆ ಕಸುಬಿನವರ ಪದ್ಧತಿ. ಸಾಹೇಬರ ಗುರುತು ಒಂದು ಸಣ್ಣ ಚಂದ್ರ.

ಐವತ್ತೇಳರಲ್ಲಿ ಹರವೆಯ ಕರಿಬಸವಯ್ಯ ಒಂದು ಬೆಳ್ಳಿ ವಾಚು ತಂದ. ಪುಣಜನೂರಿನ ಕಾಡಿನಲ್ಲಿ ಬಿಳಿ ದೊರೆಯೊಬ್ಬ ಅವನ ಅಪ್ಪನಿಗೆ ಮೆಚ್ಚಿ ಕೊಟ್ಟಿದ್ದು. ಪಿಂಗಾಣಿ ಮುಖ, ಹನ್ನೆರಡರ ಅಂಕಿ ಮಾತ್ರ ಕೆಂಪು.

“ಅಸ್ಲಿ ಅಂತ ಒಂದ್ ಮಾತು ಏಳ್ಬುಡಿ ಸಾಹೇಬ್ರೇ. ಮೈಸೂರ್ನೋರು ನಿಮ್ ಮಾತಿಗೇ ಕಾಯ್ತಾವ್ರೆ.”

ಸಾಹೇಬರಿಗೆ ನಗು ಬಂತು. ಈ ವಾಚು ಅವರಿಗೆ ಹಳೇ ನೆಂಟ. ಹಿಂದೆ ಅದನ್ನು ಬಿಚ್ಚಿ, ಚಕ್ರಗಳು ಸವೆಯದಂತೆ ಹದಿನೈದು ಕಲ್ಲು ಕೂರಿಸಿದ ದುಬಾರಿ ಮಿಷಿನು ನೋಡಿ, ಊಟ ಮರೆತು ಕೂತಿದ್ದರು. ಮುಚ್ಚಳ ತೆಗೆದರು. ನಗು ಅಲ್ಲೇ ನಿಂತಿತು. ಒಳಗಿದ್ದದ್ದು ಏಳು ಕಲ್ಲಿನ ಅಗ್ಗದ ಮಿಷಿನು. ಅಲ್ಲಾಡದಿರಲೆಂದು ಸುತ್ತ ತಾಮ್ರದ ತಗಡು ತುರುಕಿತ್ತು.

“ಬೆಳ್ಳಿ ಅಸಲಿ, ಮುಖ ಅಸಲಿ. ಒಳಗಿಂದು ಬೇರೆ” ಎಂದರು.

ಕರಿಬಸವಯ್ಯ ಬಗ್ಗಿ ಮುಚ್ಚಳ ನೋಡಿದ. “ಕೊನೇಗೆ ಬಿಚ್ಚಿರೋದು ನೀವೇ ಅಲ್ವುರಾ? ಚಂದ್ರ ನಿಮ್ದೇ ತಾನೆ? ಆಳ್ ಕೈಲಿ ನಿಮ್ ಅಂಗ್ಡಿಗೆ ಕಳ್ಸಿದ್ ಬುಟ್ರೆ ಬ್ಯಾರೆ ಎಲ್ಗೂ ನಾನು ಕೊಟ್ಟಿಲ್ಲ.” ಆಮೇಲೆ ತಗ್ಗಿದ ದನಿಯಲ್ಲಿ, “ನೀವೇ ಇಂಗ್ ಮಾಡ್ಬುಟ್ರೆ ಯಾರನ್ ನಂಬನ?” ಎಂದ.

ಚಂದ್ರ ಅವರದೇ. ಅದರ ಪಕ್ಕದಲ್ಲಿ ಗೀರಿದ್ದ ತಿಂಗಳು ಮಾತ್ರ ಅವರದಲ್ಲ. ಐವತ್ತನಾಲ್ಕರ ಆ ತಿಂಗಳಿಡೀ ಸಾಹೇಬರು ಮೈಸೂರಿನ ಆಸ್ಪತ್ರೆಯಲ್ಲಿ, ಪೊರೆ ತೆಗೆಸಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಆಗ ಅಂಗಡಿ ಮುಚ್ಚದಂತೆ ನೋಡಿಕೊಂಡವನು ಗುಂಡ್ಲುಪೇಟೆಯ ಅಪ್ಸರ್ ಪಾಷಾ, ಒಟ್ಟಿಗೆ ಕಸುಬು ಕಲಿತ ಗೆಳೆಯ. ‘ನನ್ನ ಗುರುತೇ ಹಾಕು, ಗಿರಾಕಿಗಳಿಗೆ ಧೈರ್ಯ ಇರಲಿ’ ಎಂದು ಸೂಜಿಯನ್ನು ಅವನ ಕೈಗೆ ಕೊಟ್ಟವರು ಸಾಹೇಬರೇ. ಆ ಉಪಕಾರ ನೆನೆದು ಮಗಳು ಜಮೀಲಾಳನ್ನು ಅವನ ಮಗನಿಗೇ ಕೊಟ್ಟಿದ್ದರು.

ಕರಿಬಸವಯ್ಯನಿಂದ ವಾಚು ಕೇಳಿ ಇಟ್ಟುಕೊಂಡು, ಮಾರನೆಯ ದಿನ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋದರು. ಜಮೀಲಾ ಒಳಗೆ ಚಹಾ ಕಾಯಿಸುತ್ತಿದ್ದಳು. ಸಾಹೇಬರು ವಾಚಿನ ಮುಚ್ಚಳ ತೆಗೆದು ಬೀಗನ ಮುಂದಿಟ್ಟರು. ಅಪ್ಸರ್ ಪಾಷಾ ಅದನ್ನು ನೋಡಿದ, ಒಳಗಿನ ಬಾಗಿಲು ನೋಡಿದ, ತಲೆ ತಗ್ಗಿಸಿದ.

“ಮಿಷಿನು ಮಾರಿಬಿಟ್ಟೆ ಹಬೀಬ್ ಭಾಯ್.”

“ಮುಚ್ಚಳ ತೆಗೆದ ತಕ್ಷಣ ನನಗೆ ಗೊತ್ತಾಗುತ್ತೆ ಅಂತ ನಿನಗೆ ಹೊಳೆಯಲಿಲ್ವೇನೋ?”

ಅವನು ಮುಚ್ಚಳವನ್ನು ಬೋರಲು ಹಾಕಿದ. “ನಿಮಗೆ ಕಣ್ಣು ವಾಪಸ್ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.”

ಚಹಾ ಬಂತು. ಸಾಹೇಬರು ಮಗಳ ಮುಖ ನೋಡಿ ಕುಡಿದರು. ಒಂದು ವಾರದೊಳಗೆ ಅಪ್ಸರ್ ಪಾಷಾ ಹರವೆಗೆ ಬಂದು ಕರಿಬಸವಯ್ಯನೆದುರು ತಪ್ಪು ಒಪ್ಪಿಕೊಂಡ. ಸಾಹೇಬರ ಹೆಸರು ಉಳಿಯಿತು. ಆದರೆ ಅವರು ಮತ್ತೆಂದೂ ಯಾವ ಮುಚ್ಚಳಕ್ಕೂ ಚಂದ್ರ ಗೀರಲಿಲ್ಲ.

ಹೆದರಿ ಕೂತಿದ್ದ ಅವರನ್ನು ಆಪರೇಷನ್ನಿಗೆ ಒಪ್ಪಿಸಿದ್ದವನು, ಮೈಸೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈ ಹಿಡಿದು “ಕಣ್ಣು ಬಂದೇ ಬರುತ್ತೆ ಭಾಯ್” ಎಂದಿದ್ದವನು ಇದೇ ಅಪ್ಸರ್ ಪಾಷಾ.