ಮುರಿಯದ ಸ್ನೋಶೂ ಹುಡುಕಿದ್ದು

ಅತ್ತಿಗೆ ನನ್ನ ಕೆನ್ನೆಗೆ ಹೊಡೆದದ್ದು ಒಂದೇ ಸಲ. ಅಂಥ ಏಟು ಅದಕ್ಕೆ ಮೊದಲು ನಾನು ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಅತ್ತಿಗೆ ಧಾರವಾಡದವರು, ಮೂಳೆ ಡಾಕ್ಟರು. ಕಾಲೇಜಿನಲ್ಲಿ ಕಬಡ್ಡಿ ಆಡಿದ ಮೈಕಟ್ಟು ಈಗಲೂ ಹಾಗೇ ಇದೆ. ಸುತ್ತಿಗೆ, ಗರಗಸ ಹಿಡಿದು ಸವೆದ ಮಂಡಿ ತೆಗೆದು ಹೊಸದನ್ನು ಕೂರಿಸುವುದು ಅವರ ಕೆಲಸ. ಅವರೂ ನಮ್ಮಣ್ಣನೂ ಮಾರ್ಗನ್ ಹಿಲ್‌ನಲ್ಲಿದ್ದಾರೆ. ನಾನು ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿದ್ದೇನೆ, ಚಿಪ್ ಕಂಪನಿಯೊಂದರಲ್ಲಿ ಕೆಲಸ. ಅಣ್ಣನಿಗೆ ಚಳಿ ಆಗದು. ಹಾಗಾಗಿ ಚಳಿಗಾಲ ಬಂತೆಂದರೆ ಸಿಯೆರಾ ಬೆಟ್ಟಗಳಿಗೆ ಹೊರಡುವುದು ಅತ್ತಿಗೆ, ನಾದಿನಿ ನಾವಿಬ್ಬರೇ. ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಕೆಳಗೆ ಅಗಲವಾದ ಸ್ನೋಶೂ ಕಟ್ಟಿಕೊಂಡು, ದಿನವಿಡೀ ಹತ್ತಿ ಇಳಿದು, ಮೈಯೆಲ್ಲ ನೋಯಿಸಿಕೊಂಡು ವಾಪಸು ಬರುತ್ತಿದ್ದೆವು.

ಆ ವರ್ಷ ನಾನು ಹೊಸ ಸ್ನೋಶೂ ತರಿಸಿಕೊಂಡಿದ್ದೆ. ಹಗುರ ಅಂದರೆ ಹಗುರ, ಬೂಟಿಗೆ ಕಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ. ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಆಟದ ಸಾಮಾನಿನಂಗ ಐತಲ್ಲವಾ ಇದು" ಅಂದಿದ್ದರು. ಅಷ್ಟಕ್ಕೇ ಬಿಟ್ಟಿದ್ದರು.

ಹಿಂದಿನ ಎರಡು ದಿನ ಬಿರುಗಾಳಿ ಬೀಸಿ ನಿಂತಿತ್ತು. ಮೇಲೆ ಹಿಟ್ಟಿನಂಥ ಹೊಸ ಹಿಮ, ಅದರಡಿಯಲ್ಲಿ ಗಾಜಿನಂಥ ಮಂಜುಗಡ್ಡೆ. ಬೆಳಗಿನ ಬಿಸಿಲು ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಮತ್ತೆ ಎದ್ದಿತು. ಒಂದು ಕಡಿದಾದ ಇಳಿಜಾರನ್ನು ಅಡ್ಡಲಾಗಿ ದಾಟುತ್ತಿದ್ದೆವು. ಅತ್ತಿಗೆ ಮುಂದೆ, ನಾನು ಹಿಂದೆ. ಬಲಗಾಲು ಊರಿ ಭಾರ ಹಾಕಿದೆ. ಟಪ್ ಅಂತ ಸದ್ದಾಯಿತು. ಚಳಿಗೆ ಬಿರುಸಾಗಿದ್ದ ಪ್ಲಾಸ್ಟಿಕ್ ಪಟ್ಟಿ ತುಂಡಾಗಿ ಸ್ನೋಶೂ ಬೂಟಿನಿಂದ ಜೋತಾಡಿತು. ಬೂಟು ಜಾರಿತು.

ಕೂಗುವಷ್ಟು ಹೊತ್ತೂ ಸಿಗಲಿಲ್ಲ. ಬೆನ್ನ ಮೇಲೆ ಬಿದ್ದು, ಮಗುಚಿ, ಹೊಟ್ಟೆಯ ಮೇಲೆ ಜಾರಿದೆ. ಮಂಜುಗಡ್ಡೆ ಗಲ್ಲವನ್ನು ತರಚುತ್ತಿತ್ತು. ಒಂದು ಫರ್ ಮರದ ಕೊಂಬೆ ಕಂಡಿತು, ಎಡಗೈ ಚಾಚಿ ಹಿಡಿದೆ. ಕೈ ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಭುಜದೊಳಗೆ ಏನೋ ಕಳಚಿಕೊಂಡದ್ದು ನನಗೆ ಕೇಳಿಸಿತು. ಆಮೇಲೆ ತಲೆ ಕೆಳಗಾಗಿ ಆ ಮರದ ಬುಡಕ್ಕೇ ಬಿದ್ದೆ.

ದಟ್ಟ ಕೊಂಬೆಗಳ ಕೆಳಗೆ ಹಿಮ ಗಟ್ಟಿಯಾಗಿ ಕೂರುವುದಿಲ್ಲ. ಕಾಂಡದ ಸುತ್ತ ಬಾವಿಯಂತೆ ಸಡಿಲ ಗುಂಡಿ ಉಳಿದಿರುತ್ತದೆ. ನಾನು ಆ ಗುಂಡಿಯಲ್ಲಿ ತಲೆಕೆಳಗಾಗಿದ್ದೆ. ಎಡಗಾಲಿನ ಸ್ನೋಶೂ ಮೇಲೆ ಕೊಂಬೆಗೆ ಸಿಕ್ಕಿಕೊಂಡಿತ್ತು. ಸುತ್ತಲಿನ ಹಿಮ ಜರಿದು ಮೂಗು, ಬಾಯಿ, ಕಿವಿ ತುಂಬಿತು. ಉಸಿರೆಳೆದರೆ ಹಿಮವೇ ಗಂಟಲಿಗೆ ಬರುತ್ತಿತ್ತು. ದೇವರು ನೆನಪಾಗಲಿಲ್ಲ, ಅಮ್ಮನೂ ನೆನಪಾಗಲಿಲ್ಲ. ಒದೆಯಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಎರಡೂ ಕಾಲು ಬಡಿದೆ.

ಯಾರೋ ಕಾಲು ಹಿಡಿದರು. ಬಿಡಿಸಿಕೊಳ್ಳಲು ಇನ್ನೂ ಜೋರಾಗಿ ಒದ್ದೆ. ಸ್ನೋಶೂ ಕೆಳಗಿನ ಉಕ್ಕಿನ ಹಲ್ಲುಗಳು ಮೆತ್ತಗಿನದೇನಕ್ಕೋ ತಾಗಿದ್ದು ಗೊತ್ತಾಯಿತು. ಅತ್ತಿಗೆ ಕಿರುಚಿದರು. ಆದರೆ ಕಾಲು ಬಿಡಲಿಲ್ಲ. ಗುಂಡಿಯ ಪಕ್ಕವನ್ನು ತಮ್ಮ ಮೊಣಕೈಯಿಂದಲೇ ಒಡೆದು, ನನ್ನ ಸೊಂಟದ ಪಟ್ಟಿಗೆ ಕೈ ಹಾಕಿ, ಚೀಲ ಎಳೆದಂತೆ ಹೊರಗೆಳೆದರು. ನಾನು ಆಗಲೂ ಹೊಡೆಯುತ್ತಲೇ ಇದ್ದೆ. ಬಲಗೈಯಲ್ಲಿ ಅವರ ಕುತ್ತಿಗೆ ಪರಚಿದೆ.

ಆಗ ಬಿತ್ತು ಏಟು.

"ಸಾಕು! ಹೊರಗ ಬಂದೀದಿ! ಉಸರು ತಗೋ!"

ಉಸಿರು ಬಂತು. ಹಿಮ ಕಕ್ಕಿದೆ. ಕಣ್ಣು ಬಿಟ್ಟಾಗ ಅವರ ಹುಬ್ಬಿನಿಂದ ಕೆನ್ನೆಯವರೆಗೆ ಚರ್ಮ ಹರಿದಿತ್ತು. ರಕ್ತ ಗಲ್ಲದಿಂದ ಹಿಮಕ್ಕೆ ತೊಟ್ಟಿಕ್ಕುತ್ತಿತ್ತು, ಬಿದ್ದಲ್ಲೆಲ್ಲ ಸಣ್ಣ ಕುಳಿಯಾಗುತ್ತಿತ್ತು.

"ಅತ್ತಿಗೆ, ನಿಮ್ಮ ಮುಖ..."

"ನನ್ನ ಮಾರಿ ಆಮ್ಯಾಲೆ ನೋಡೂಣು. ಬೆರಳು ಆಡಸು. ಇಲ್ಲಿ ಮುಟ್ಟಿದ್ದು ಗೊತ್ತಾಕತ್ತೇನು?"

ಗೊತ್ತಾಗುತ್ತಿತ್ತು. ಎಡಭುಜ ಮಾತ್ರ ಇರಬೇಕಾದ ಜಾಗದಲ್ಲಿರಲಿಲ್ಲ. ತೋಳಿನ ಗುಂಡು ಮುಂದಕ್ಕೆ ಜಾರಿ ಎದೆಯ ಹತ್ತಿರ ಉಬ್ಬಿಕೊಂಡಿತ್ತು. ಫೋನಿಗೆ ಸಿಗ್ನಲ್ ಇಲ್ಲ, ಗಾಳಿ ಏರುತ್ತಿದೆ, ಕಾರು ದೂರ. ಆ ಕೈ ಇಟ್ಟುಕೊಂಡು ನಡೆಯಲಾರೆ ಅನ್ನುವುದು ನನಗೇ ತಿಳಿಯುತ್ತಿತ್ತು.

ಅತ್ತಿಗೆ ಕೂತು ಒಂದು ಬೂಟು ಕಳಚಿದರು. ಬರೀ ಕಾಲುಚೀಲದ ಪಾದವನ್ನು ನನ್ನ ಕಂಕುಳಿನ ಪಕ್ಕಕ್ಕೆ ಊರಿ, ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು.

"ಬೈಬೇಕಂದ್ರ ಬೈ. ಕೈ ಮಾತ್ರ ಬಿಗಿ ಹಿಡೀಬ್ಯಾಡ."

ಎಳೆದರು. ನಿಧಾನವಾಗಿ, ಬಿಡದೆ, ಹಿಂದಕ್ಕೆ ಒರಗಿಕೊಂಡು ಎಳೆದರು. ನಾನು ಬೈದೆ. ಅವರನ್ನು, ಅವರ ಊರನ್ನು, ಅವರನ್ನು ನಮ್ಮ ಮನೆಗೆ ತಂದ ಅಣ್ಣನನ್ನು, ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಲ್ಲಿ ಅಂಥ ಮಾತುಗಳಿವೆ ಅನ್ನುವುದು ಅಂದೇ ಗೊತ್ತಾದದ್ದು. ಕೊನೆಗೆ ಒಳಗೆ ಧಡ್ ಅಂತ ಏನೋ ಕೂತಿತು. ನೋವು ಒಮ್ಮೆಗೇ ಅರ್ಧವಾಯಿತು. ನಾನು ಹಿಮದ ಮೇಲೆ ಮಲಗಿ ಬಿಕ್ಕಿ ಬಿಕ್ಕಿ ಅತ್ತೆ.

ಅವರು ಸ್ಕಾರ್ಫಿನಲ್ಲಿ ನನ್ನ ಕೈಯನ್ನು ಎದೆಗೆ ಕಟ್ಟಿದರು. ಚೀಲದ ಪಟ್ಟಿ ಕೊಯ್ದು ಮುರಿದ ಸ್ನೋಶೂವನ್ನು ಬೂಟಿಗೆ ಬಿಗಿದರು. ತಮ್ಮ ಮುಖಕ್ಕೆ ಹಿಮ ಒತ್ತಿಕೊಂಡು ಹೊರಟರು. ಗಾಳಿ ಎದುರಿನಿಂದ ಮರಳು ಎರಚಿದಂತೆ ಹಿಮ ಎರಚುತ್ತಿತ್ತು. ನಾನು ಬಿದ್ದಾಗಲೆಲ್ಲ ಹೆಗಲ ಚೀಲ ಹಿಡಿದು ಎಬ್ಬಿಸಿದರು. ಬಿಸಿಲು ಇಳಿಯುವ ಮೊದಲೇ ಕಾರು ಮುಟ್ಟಿದೆವು. ಬೆಟ್ಟದ ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಅವರಿಗೆ ಹೊಲಿಗೆ, ನನಗೆ ಎಕ್ಸ್‌ರೇ.

ಮಾರನೆಯ ದಿನ ಅಣ್ಣ ಆ ಸ್ನೋಶೂವನ್ನು ಅಂಗಳದ ಕಾಂಕ್ರೀಟಿಗೆ ಬಡಿದು ಬಡಿದು ಚೂರು ಮಾಡಿದ. "ಇನ್ನೊಂದು ಸಲ ಬೆಟ್ಟ ಅಂದರೆ ಇಬ್ಬರನ್ನೂ ಮನೆಯಲ್ಲಿ ಕೂಡಿಹಾಕ್ತೀನಿ!" ಎಂದು ಕೂಗಾಡಿದ. ಅತ್ತಿಗೆ ಚೂರುಗಳನ್ನೆಲ್ಲ ಗುಡಿಸಿ, ಅದರಲ್ಲಿ ಪಟ್ಟಿಯ ತುಂಡನ್ನು ಮಾತ್ರ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಮುರಿದ ಜಾಗ ಗಾಜಿನಂತೆ ನಯವಾಗಿತ್ತು.

ಮುಂದಿನ ಚಳಿಗಾಲಕ್ಕೆ ಮೊದಲು ಇಬ್ಬರೂ ಎಮರಿವಿಲ್ ಕಡೆ ಬೆಟ್ಟ ಹತ್ತುವ ಸಾಮಾನಿನ ಒಂದು ಅಂಗಡಿಗೆ ಹೋದೆವು. ಅಣ್ಣ ಬೆಟ್ಟದ ಮಾತೇ ಬಿಟ್ಟಿದ್ದ, ಆದರೂ ಹೋದೆವು. ಅಂಗಡಿಯ ಹುಡುಗಿ ಹಗುರವಾದ ಜೋಡಿಯನ್ನು ತೋರಿಸಲು ಬಂದಾಗ ಅತ್ತಿಗೆ, "ತೂಕದ್ದು ತೋರಿಸಿ" ಎಂದರು ಇಂಗ್ಲಿಷಿನಲ್ಲಿ. ಒಂದೊಂದನ್ನೂ ಅಡ್ಡಲಾಗಿ ಹಿಡಿದು ಬಟ್ಟೆ ಹಿಂಡುವಂತೆ ಹಿಂಡಿದರು. ಬೂಟು ಕೂರುವ ತಟ್ಟೆ ತಿರುಗುವ ಕೀಲನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ, "ಮೊದಲ ಸೋಲೂದು ಕೀಲು. ಮನಷ್ಯಾಂದೂ ಹಂಗ" ಅಂದರು. ಕ್ಲಿಪ್ಪು ಹಾಕಿ ಕೂರಿಸಿದ್ದನ್ನೆಲ್ಲ ಪಕ್ಕಕ್ಕಿಟ್ಟು, ರಿವೆಟ್ ಮೊಳೆ ಹೊಡೆದದ್ದನ್ನು ಉಳಿಸಿಕೊಂಡರು. ಕಾಲ್ಬೆರಳಿನ ಕೆಳಗೆ ಮಾತ್ರವಲ್ಲ, ಅಂಚಿನುದ್ದಕ್ಕೂ ಉಕ್ಕಿನ ಹಲ್ಲಿರಬೇಕು; ಅಡ್ಡ ಇಳಿಜಾರಿನಲ್ಲಿ ಕಚ್ಚಿ ಹಿಡಿಯುವುದು ಅಂಚು.

ಆ ಜೋಡಿಯ ಜೊತೆಗೆ ಮೂರು ಬಗೆಯ ಪಟ್ಟಿಗಳನ್ನು ಬೇರೆಯಾಗಿ ಕೊಂಡು ಮನೆಗೆ ತಂದರು. ತುರಿದ ಕಾಯಿ, ನುಗ್ಗೇಕಾಯಿ ಪ್ಯಾಕೆಟ್ಟುಗಳ ನಡುವೆ ಫ್ರೀಜರಿನಲ್ಲಿಟ್ಟರು. ಬೆಳಿಗ್ಗೆ ತೆಗೆದು ಅಡುಗೆಮನೆಯ ಕಲ್ಲಿನ ಮೇಲಿಟ್ಟು ಲಟ್ಟಣಿಗೆಯಿಂದ ಬಾರಿಸಿದರು. ಒಂದು ಪಟ್ಟಿಯ ಬಕಲು ಸಿಡಿದು ಕಿಟಕಿಗೆ ಬಡಿಯಿತು. ಇನ್ನೊಂದು ಬಿರುಕು ಬಿಟ್ಟಿತು. ಮೂರನೆಯದು, ದಪ್ಪ ರಬ್ಬರಿನಂಥದ್ದು, ಬೆಲ್ಟಿನ ಹಾಗೆ ಲೋಹದ ಮುಳ್ಳಿರುವುದು, ಬಗ್ಗಿತೇ ಹೊರತು ಮುರಿಯಲಿಲ್ಲ.

ಸದ್ದಿಗೆ ಎದ್ದು ಬಂದ ಅಣ್ಣನ ಮಗಳು, "ಅಮ್ಮಾ, ವಾಟ್ ಡಿಡ್ ಇಟ್ ಡೂ ಟು ಯೂ?" ಎಂದು ಕೇಳಿದಳು.

ಅತ್ತಿಗೆ ಇನ್ನೆರಡು ಬಾರಿಸಿದರು. ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅಣ್ಣ ಒಳಗೆ ಬಂದು, ಆ ಮೂರನೆಯ ಪಟ್ಟಿಯನ್ನು ಕಾಲಡಿ ಮೆಟ್ಟಿ, ಮುಖ ಕೆಂಪಾಗುವಷ್ಟು ಜೋರಾಗಿ ಎಳೆದ. ತುಂಡಾಗಲಿಲ್ಲ. "ಇದನ್ನೇ ತಗೊಳ್ಳಿ" ಎಂದ. ತಿಂಗಳುಗಟ್ಟಲೆ ಆದಮೇಲೆ ಅವನು ಆ ವಿಷಯವಾಗಿ ಆಡಿದ ಮೊದಲ ಮಾತು ಅದು.

ಜನವರಿಯಲ್ಲಿ ಮತ್ತೆ ಹೋದೆವು, ಬೇರೆ ಬೆಟ್ಟಕ್ಕೆ. ಮೊದಲ ಇಳಿಜಾರಿನಲ್ಲಿ ನನ್ನ ಕಾಲು ಮುಂದೆ ಹೋಗಲಿಲ್ಲ. ಅತ್ತಿಗೆ ಸಮಾಧಾನ ಹೇಳಲಿಲ್ಲ, ಕಾದರು. ನನಗೆ ಸಿಟ್ಟು ಬಂತು. ಕಾಲೆತ್ತಿ ಮಂಜುಗಡ್ಡೆಯನ್ನು ತುಳಿದೆ, ಅದಕ್ಕೆ ನೋವಾಗಲಿ ಅನ್ನುವಂತೆ. ಹಲ್ಲುಗಳು ಕಚ್ಚಿದವು. ಇನ್ನೊಂದು ತುಳಿದೆ. ಹಾಗೆ ತುಳಿಯುತ್ತಲೇ ದಾಟಿದೆ.

ಮೇಲೆ ಬಂಡೆಯೊಂದರ ಮರೆಯಲ್ಲಿ ಕೂತು ಚಪಾತಿ ರೋಲು ತಿನ್ನುವಾಗ ಕೇಳಿದೆ: "ಅವತ್ತು ನನ್ನ ಕೆನ್ನೆಗೆ ಹೊಡೆದಿರಲ್ಲ, ಡಾಕ್ಟರಾಗಿ ಹೊಡೆದದ್ದೋ?"

ಅವರು ನನ್ನ ಕಡೆ ತಿರುಗಿದರು. ಹುಬ್ಬಿನ ಮೇಲಿನ ಗಾಯದ ಗೆರೆ ಚಳಿಗೆ ಬೆಳ್ಳಗಾಗಿತ್ತು.

"ಇಲ್ಲವಾ. ಡಾಕ್ಟರ್ ಹಂಗ ಹೊಡಿಯೂದಿಲ್ಲ. ನೀ ಸತ್ತೀದಿ ಅಂತ ತಿಳಕೊಂಡಿದ್ದೆ. ಜೀವಂತ ಅದೀ ಅಂತ ಗೊತ್ತಾದ ಕೂಡಲೇ ಎಲ್ಲಿಲ್ಲದ ಸಿಟ್ಟು ಬಂತು."

ಗಾಳಿ ಬಂಡೆಗೆ ಅಪ್ಪಳಿಸುತ್ತಿತ್ತು. ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಅವರಿಗೆ ಮೊದಲು ಬಗ್ಗಿಸಿ ಕೊಟ್ಟೆ.