ಗೇಟಿನವರೆಗೆ ಬಂದ ಟೂ ಸ್ಟ್ರೋಕ್ ಸದ್ದು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಸ್ಮಶಾನದ ಮುಂದೆ ಬೈಕು ತಾನಾಗಿ ನಿಂತಿತು ಎಂದು ಯಾರಾದರೂ ಹೇಳಿದರೆ, ಪ್ಲಗ್ ಬಿಚ್ಚಿ ನೋಡಿದಿರಾ ಎಂದು ಕೇಳುತ್ತಿದ್ದೆ. ಈಗ ಹಾಗೆ ಕೇಳುವ ಧೈರ್ಯ ಉಳಿದಿಲ್ಲ. ಆದದ್ದಷ್ಟನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಮೊದಲ ಬೈಕು ಸಾಗರದಲ್ಲಿ ಕಾಲೇಜು ಓದುವಾಗ ಕೊಂಡ ಸೆಕೆಂಡ್ ಹ್ಯಾಂಡ್ ಟೂ ಸ್ಟ್ರೋಕ್. ಬಂದಾಗ ಅದರದು ಮೆತ್ತನೆಯ ಸದ್ದು, ಕೊನೆಗೊಂದು ಸಣ್ಣ ಶಿಳ್ಳೆ. ನನಗೆ ಅದು ಸಾಲಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಸೈಲೆನ್ಸರ್ ಕತ್ತರಿಸಿಕೊಂಡು ಬಂದೆ; ಬೀದಿಗೆ ಬೀದಿಯೇ ಶಾಪ ಹಾಕಿತು. ಹ್ಯಾಂಡಲ್ ಬದಲಿಸಿದೆ, ಮಡ್‌ಗಾರ್ಡ್ ಕಿತ್ತೆ, ಮಳೆಗಾಲವಿಡೀ ಬೆನ್ನಿಗೆ ಕೆಸರು ಎರಚಿಸಿಕೊಂಡು ಅದನ್ನೇ ಸ್ಟೈಲು ಎಂದುಕೊಂಡೆ. ಆಮೇಲೆ ಇನ್ನೆರಡು ಬೈಕು ಬಂದವು. ಒಂದರ ಭಾಗ ಇನ್ನೊಂದಕ್ಕೆ ಜೋಡಿಸುವ ಚಟದಲ್ಲಿ ಮೊದಲನೆಯದನ್ನು ಬಿಚ್ಚಿ ಬಿಚ್ಚಿ, ಕೊನೆಗೆ ಕೋಣಂದೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದ ಚಾಸಿ ಮಾತ್ರ ಉಳಿಯಿತು.

ಹೆಂಡತಿ ಸವಿತಾ ಈ ಮನೆಗೆ ಬಂದದ್ದು ಸೈಲೆನ್ಸರ್ ಕತ್ತರಿಸಿ ಎಷ್ಟೋ ಕಾಲದ ಮೇಲೆ. ಬೈಕಿನ ಹುಚ್ಚು ಅವಳಿಗಿಲ್ಲ. ಕಿವಿ ಮಾತ್ರ ಬಲು ಚುರುಕು. ನಮ್ಮದು ಏರಿನ ತುದಿಯ ಮನೆ. ಕೆಳಗೆ ಸದ್ದು ಕೇಳಿದ ಕೂಡಲೇ ಯಾವ ಬೈಕು ಎಂದು ತಿಳಿದು ಟೀಗೆ ನೀರಿಡುತ್ತಾಳೆ.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಸಂಜೆ, ದೊಡ್ಡ ಬೈಕಿಗೆ ಸಾಗರದಲ್ಲಿ ಅಗಲದ ಟೈರ್ ಹಾಕಿಸಿಕೊಂಡು ಹೊಸನಗರದ ಮೇಲೆ ವಾಪಸಾಗುತ್ತಿದ್ದೆ. ಮಂಜು ಇಳಿದಿತ್ತು. ಹೊಸ ಟೈರಿನ ನುಣುಪು ಸವೆಯುವವರೆಗೆ ತಿರುವಿನಲ್ಲಿ ಬಾಗಿಸಬಾರದು. ಗೊತ್ತಿದ್ದೂ ಬಾಗಿಸಿದೆ. ನಾನೂ ಬೈಕೂ ರಸ್ತೆ ಪಕ್ಕದ ಆಳದ ಚರಂಡಿಗೆ ಬಿದ್ದೆವು. ಬಲಗಾಲು ಬೈಕಿನಡಿ ಸಿಕ್ಕಿಕೊಂಡಿತು. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಮೇಲೆ ಹೋಗುವವರಿಗೆ ನಾನು ಕಾಣುವಂತೆಯೂ ಇರಲಿಲ್ಲ.

ಮೊದಲು ಕೂಗಿದೆ. ಬರಬರುತ್ತ ನೋವು ದೂರ ಸರಿದು, ಕಾಲು ಬೇರೆ ಯಾರದ್ದೋ ಅನ್ನಿಸತೊಡಗಿತು. ಹುಲ್ಲು ಹಾಸಿಗೆಯಂತೆ ಮೆತ್ತಗಿತ್ತು. ನಿದ್ದೆ ಮಾಡಿಬಿಡೋಣ ಅನ್ನಿಸಿತು. ಆಗ ಮಂಜಿನೊಳಗಿಂದ ಆಯಿಲ್ ಬೆರೆತ ಹೊಗೆಯ ವಾಸನೆ ಬಂತು, ಹಿಂದೆಯೇ ಸದ್ದು. ಮೆತ್ತನೆಯ ಸದ್ದು, ಕೊನೆಗೊಂದು ಸಣ್ಣ ಶಿಳ್ಳೆ. ನನ್ನ ತಲೆಯ ಮೇಲುಗಡೆ ನಿಧಾನಕ್ಕೆ ಹಾದು ಕೋಣಂದೂರಿನ ಕಡೆ ಹೋಯಿತು. ಬೆಳಕು ಕಾಣಲಿಲ್ಲ. ನಾನು ಕೂಗಲೂ ಇಲ್ಲ. ಮನೆಗೆ ಹೋಗುತ್ತಿರುವುದು ನಾನೇ ಆದಮೇಲೆ ಯಾರನ್ನು ಕೂಗಲಿ ಎಂದು, ನಗಬೇಡಿ, ನಿಜವಾಗಿ ಯೋಚಿಸಿದೆ.

ಕಣ್ಣು ಬಿಟ್ಟಾಗ ಪಕ್ಕದ ಮನೆಯ ಶೇಖರಣ್ಣನ ಟಾರ್ಚು ಮುಖದ ಮೇಲಿತ್ತು. ರಸ್ತೆ ಅಂಚಿನಲ್ಲಿ ಕಿತ್ತು ಬಿದ್ದಿದ್ದ ನನ್ನ ಬೈಕಿನ ಕನ್ನಡಿ ಅವರ ಜೀಪಿನ ಬೆಳಕಿಗೆ ಹೊಳೆದಿತ್ತಂತೆ. ಸವಿತಾ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಿಮ್ಮ ಹಳೇ ಬೈಕ್ ಬಂತು ಕಣ್ರಿ. ಗೇಟ್ ತನಕ ಬಂದು ನಿಂತ್ಕಂತು. ಹೊರಗೆ ಬಂದು ನೋಡಿದ್ರೆ ಯಾರೂ ಇಲ್ಲ. ಅದು ಶೆಡ್ಡಲ್ಲಿ ಬಿಚ್ಚಿ ಬಿದ್ದಿದ್ಯಲ್ಲ ಅಂತ ಆಮೇಲೆ ನೆನಪಾಗಿ ಎದೆ ಧಸಕ್ ಅಂತು."

"ನಂಗೆಂತದೂ ಕೇಳ್ಲಿಲ್ಲ ಮಾರಾಯ," ಎಂದರು ಶೇಖರಣ್ಣ. "ಇವ್ಳು ಬಿಡ್ಬೇಕಲ್ಲ, ಜೀಪ್ ತೆಗೀರಿ ಅಂತ ಹಟ ಹಿಡಿದ್ಲು."

ಇನ್ನೂ ತಡವಾಗಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದು ತೀರ್ಥಹಳ್ಳಿಯ ಡಾಕ್ಟರು ಹೇಳಿದಾಗ ನಾನು ಎಲ್ಲರೆದುರೇ ಅತ್ತುಬಿಟ್ಟೆ.

ನಡೆಯಲು ಬಂದ ಮೇಲೆ ಹಳೆಯ ಬುದ್ಧಿ ತಲೆಯೆತ್ತಿತು. ಸುತ್ತಮುತ್ತ ಯಾರ ಹತ್ತಿರವಾದರೂ ಟೂ ಸ್ಟ್ರೋಕ್ ಇದೆಯೇ ಎಂದು ವಿಚಾರಿಸಿದೆ. ಸಿಗಲಿಲ್ಲ. ಕೊನೆಗೆ ಆ ಚಾಸಿಗೇ ಭಾಗಗಳನ್ನೆಲ್ಲ ಹುಡುಕಿ ಮರಳಿ ಜೋಡಿಸಿದೆ, ಕತ್ತರಿಸಿದ ಸೈಲೆನ್ಸರ್ ಸಮೇತ. ಒಂದು ಸಂಜೆ ಸವಿತಾಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಏರಿನ ಕೆಳಗಿಂದ ಗೇಟಿನವರೆಗೆ ಓಡಿಸಿಕೊಂಡು ಬಂದೆ. ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಇದಲ್ಲ ಕಣ್ರಿ. ಅವತ್ತಿಂದು ಇಷ್ಟು ಬೊಬ್ಬೆ ಹೊಡೀತಿರ್ಲಿಲ್ಲ. ಮೆತ್ತಗಿತ್ತು. ಸಣ್ಣಕೆ ಶಿಳ್ಳೆ ಹಾಕ್ದಂಗೆ."

"ಆ ಸದ್ದು ನೀನು ಯಾವತ್ತೂ ಕೇಳೇ ಇಲ್ವಲ್ಲೇ. ನಂದೇ ಬೈಕು ಅಂತ ಹೇಗೆ ಗೊತ್ತಾಯ್ತು?"

ಅವಳು ಬೈಕಿನ ಸುತ್ತ ಒಂದು ಸುತ್ತು ಬಂದಳು. "ಎಂತ ಹೇಳದು. ನೀವು ಬಂದಂಗೇ ಇತ್ತು."

ಚರಂಡಿಯಲ್ಲಿ ನಾನು ಕೇಳಿದ್ದೂ ಅದೇ ಸದ್ದು ಎಂದು ಅವಳಿಗೆ ಇವತ್ತಿನವರೆಗೆ ಹೇಳಿಲ್ಲ. ಹೇಳಲು ನನಗೇ ಭಯ. ಅವತ್ತು ಮನೆ ಮುಟ್ಟಿದವನು ಯಾರು, ಚರಂಡಿಯಲ್ಲಿ ಉಳಿದವನು ಯಾರು ಎಂದು ಅವಳು ಕೇಳಿಬಿಟ್ಟಾಳು.