ಬಿಟ್ಟು ಓದಿದ ಸಾಲು

ನೀವು ಯಾರ ಬಗ್ಗೆ ಕಟುವಾಗಿ ಬರೆದಿದ್ದೀರೋ ಅವರದೇ ಮನೆಯಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡಿಯುತ್ತಾ, ಬರೆದದ್ದನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿದ್ದೀರಾ? ನಾನು ಹೋದ ಭಾನುವಾರ ಆ ಕೆಲಸ ಮಾಡಿ ಬಂದೆ.

ರಂಗ ಕಲಾವಿದರ ಬಗ್ಗೆ ನಾನೊಂದು ವಿಮರ್ಶೆಯ ಪುಸ್ತಕ ಬರೆದಿರುವುದು ನಿಮಗೆ ಗೊತ್ತು. (ಗೊತ್ತಿಲ್ಲದಿದ್ದರೂ ಸಂಕೋಚ ಬೇಡ. ಪ್ರಕಾಶಕರ ಪ್ರಕಾರ ಹೆಚ್ಚಿನವರಿಗೆ ಗೊತ್ತಿಲ್ಲ.) ಅದರಲ್ಲಿ ಒಂದು ಅಧ್ಯಾಯ ವೀರಮ್ಮನವರದು. ತಮಿಳುನಾಡಿನ ತೇನಿ ಕಣಿವೆಯ ತಮಿಳು ನಾಟಕಗಳಲ್ಲಿ ನಲವತ್ತು ವರ್ಷ ರಾಣಿಯ ಪಾತ್ರ ಮಾಡಿದವರು. ಮನೆಮಾತು ಕನ್ನಡ. ಹಿರಿಯರು ಆ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಾತು ಉಳಿದಿದೆ, ಅಕ್ಷರ ಉಳಿದಿಲ್ಲ. ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ.

ವಿಮರ್ಶಕನಿಗೆ ಇದಕ್ಕಿಂತ ಕ್ಷೇಮವಾದ ಏರ್ಪಾಡು ಬೇರೆ ಬೇಕೆ? ಆ ಧೈರ್ಯದಲ್ಲೇ ಪುಸ್ತಕ ಕೊಟ್ಟು ಬರಲು ಅವರ ಊರು ಓಡೈಪಟ್ಟಿಗೆ ಹೋದೆ.

ವೀರಮ್ಮ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ಮಗ ದ್ರಾಕ್ಷಿ ತೋಟದಿಂದ ಬಂದ. ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಜಗುಲಿಯಲ್ಲಿ ಕೂತರು. ನನಗೊಂದು ಶಾಲು ಹೊದಿಸಿದರು. ಆಮೇಲೆ ಪುಸ್ತಕ ನನ್ನ ಕೈಗೇ ವಾಪಸ್ ಬಂತು.

“ನೀನೇ ಓದು ತಂಬಿ. ಎಲ್ರೂ ಕೇಳ್ಲಿ.”

ಓದಿದೆ. ಮೊದಲೆರಡು ಪುಟ ತೊಂದರೆ ಇಲ್ಲ. ವೀರಮ್ಮನವರ ನಡಿಗೆ, ಮೈಕ್ ಕೆಟ್ಟರೂ ಕೊನೆಯಲ್ಲಿ ಕೂತವರಿಗೂ ಮುಟ್ಟುವ ದನಿ, ಎಲ್ಲಾ ಹೊಗಳಿಕೆಯೇ. ಮಗ ತಲೆದೂಗುತ್ತಿದ್ದ. ಮೂರನೇ ಪುಟದಲ್ಲಿ, ಕೊಂಬೈ ಊರಲ್ಲಿ ನಾನು ನೋಡಿದ ಅವರ ನಾಟಕದ ಬಗ್ಗೆ ಬರೆದ ಆ ಸಾಲು ಎದುರಾಯಿತು: ‘ಮಗ ಸತ್ತ ದೃಶ್ಯದಲ್ಲಿ ಈ ನಟಿಯ ಕಣ್ಣು ಒದ್ದೆಯಾಗುವುದಿಲ್ಲ, ಇಲ್ಲಿರುವುದು ಕಸುಬೇ ಹೊರತು ದುಃಖವಲ್ಲ.’ ಬರೆದಾಗ ನನಗೆ ತುಂಬಾ ಹಿಡಿಸಿದ್ದ ಸಾಲು. (ಬೆನ್ನುಪುಟಕ್ಕೂ ಹಾಕಿಸಿದ್ದೇನೆ.)

ಅದನ್ನು ಹಾರಿಸಿ ಮುಂದಕ್ಕೆ ಹೋದೆ.

ವೀರಮ್ಮ ಕೈ ಎತ್ತಿದರು. “ನಡುವೆ ಒಂದ್ ಸಾಲ್ ಬುಟ್ಬುಟ್ಟೆ.”

“ಇಲ್ಲಕ್ಕಾ.”

“ನಂಗೆ ಎಳುತ್ತು ಬರಾದಿಲ್ಲ ತಂಬಿ. ಪಾಟೆಲ್ಲಾ ಇನ್ನೊಬ್ರು ಓದಿದ್ ಕೇಳೇ ಕಲ್ತೋಳು. ಓದೋರು ಸಾಲ್ ನುಂಗಿದ್ರೆ ನಂಗೆ ಗೊತ್ತಾಗಾದಿಲ್ವಾ? ಓದು.”

ಹೆಗಲ ಮೇಲೆ ಅವರದೇ ಶಾಲು ಹೊದ್ದುಕೊಂಡು ಆ ಸಾಲು ಓದಿದೆ. ಸೊಸೆ ಎದ್ದು ನನ್ನ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಅದರಲ್ಲಿ ಅರ್ಧ ಕಾಫಿ ಇತ್ತು.

ವೀರಮ್ಮ ಪುಸ್ತಕದ ಕಡೆ ಕೈ ತೋರಿಸಿದರು.

“ನಿಜಾನೇ. ನಾನು ಅಳಾದಿಲ್ಲ. ಒಂದೇ ಒಂದ್ ತಡವೆ ಅತ್ಬುಟ್ಟಿದ್ದೆ. ನನ್ನ ಮೊದಲ್ನೇ ಕೂಸು ಹೋದ ವರ್ಸ. ಗಂಟ್ಲು ಕಟ್ಕೊಂತು, ಪಾಟು ಬರ್ಲಿಲ್ಲ. ಜನ ಪಾಪ ಅಂದ್ರು, ಎದ್ದೋದ್ರು. ನಮ್ ವಾದ್ಯಾರು ಬಯ್ಲಿಲ್ಲ. ‘ಅಳಾದು ಕೆಳಗೆ ಕುಂತೋರ ವೇಲೆ ವೀರಾ, ನಿನ್ನ ವೇಲೆ ಪಾಡಾದು’ ಅಂದ್ರು. ಆಮೇಲೆ ಅತ್ತಿಲ್ಲ.”

ವಾದ್ಯಾರು ಅಂದರೆ ಅವರಿಗೆ ನಾಟಕ ಕಲಿಸಿದ ಮೇಷ್ಟ್ರು, ವೇಲೆ ಅಂದರೆ ಕೆಲಸ, ಪಾಟು ಅಂದರೆ ಹಾಡು. ಆ ಮೇಷ್ಟ್ರಿಗೆ ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವಾದದ್ದರ ಸುತ್ತ ನಾನು ಹದಿನೆಂಟು ಪುಟ ಓಡಾಡಿದ್ದೆ.

“ಮುಂದಿನ ಮುದ್ರಣದಲ್ಲಿ ಆ ಸಾಲು ತೆಗೆದುಬಿಡ್ತೀನಿ ಅಕ್ಕಾ” ಅಂದೆ. (ಮುಂದಿನ ಮುದ್ರಣದ ಯೋಚನೆ ಸದ್ಯಕ್ಕೆ ಯಾರಿಗೂ ಇಲ್ಲ.)

“ಬ್ಯಾಡ. ನಿಜ ತಾನೇ, ಇರ್ಲಿ. ನಾನೊಂದ್ ಕೇಳ್ತೀನಿ. ಅವತ್ತು ಕೊಂಬೈನಾಗೆ ನೀನು ಕೆಳಗೆ ಕುಂತಿದ್ಯಲ್ಲಾ, ಅತ್ಯಾ ಇಲ್ವಾ?”

ಸುಳ್ಳು ಹೇಳಬಹುದಿತ್ತು. ಆದರೆ ಅದಾಗಲೇ ಒಮ್ಮೆ ಸಿಕ್ಕಿಬಿದ್ದಿದ್ದೆ. ಅವತ್ತು ಕರ್ಚೀಫ್ ಸಿಗದೆ ಶರ್ಟಿನ ತೋಳಲ್ಲೇ ಮುಖ ಒರೆಸಿಕೊಂಡದ್ದು, ಪಕ್ಕದಲ್ಲಿದ್ದವರು ನೋಡಲಿಲ್ಲ ತಾನೇ ಎಂದು ಅತ್ತಿತ್ತ ತಿರುಗಿದ್ದು, ಎರಡೂ ನೆನಪಿವೆ.

“ಅತ್ತಿದ್ದೆ ಅಕ್ಕಾ.”

“ಅದನ್ಯಾಕ್ ಬರೀಲಿಲ್ಲ?”